ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ

ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ (ಬಿಆರ್‌ಎಸ್‌ಆರ್) ಎಂಬುದು ಭಾರತದ ಷೇರುಪೇಟೆಗಳಲ್ಲಿ ನೋಂದಾಯಿತವಾಗಿರುವ ದೊಡ್ಡ ಕಂಪನಿಗಳು ತಮ್ಮ ವಾರ್ಷಿಕ ವರದಿಯ ಭಾಗವಾಗಿ ಪ್ರಕಟಿಸಬೇಕಾದ ಹಣಕಾಸೇತರ ವರದಿಯಾಗಿದೆ. ಕಂಪನಿಯು ಎಷ್ಟು ಇಂಧನ ಮತ್ತು ನೀರನ್ನು ಬಳಸಿತು, ಎಷ್ಟು ತ್ಯಾಜ್ಯವನ್ನು ಉತ್ಪಾದಿಸಿತು, ಕಾರ್ಮಿಕರಿಗೆ ಎಷ್ಟು ವೇತನ ನೀಡಿತು, ಕೆಲಸದ ಸ್ಥಳದಲ್ಲಿ ಎಷ್ಟು ಮಂದಿ ಗಾಯಗೊಂಡರು, ಯಾವ ಕಾನೂನು ಉಲ್ಲಂಘನೆಗಾಗಿ ದಂಡ ತೆತ್ತಿತು ಮೊದಲಾದ ವಿವರಗಳನ್ನು ಈ ವರದಿ ಒಳಗೊಂಡಿರುತ್ತದೆ. ಭಾರತೀಯ ಷೇರು ನಿಯಂತ್ರಣ ಮಂಡಳಿಯಾದ ಸೆಬಿ 2021ರ ಮೇ 10ರಂದು ಹೊರಡಿಸಿದ ಸುತ್ತೋಲೆಯ ಮೂಲಕ ಇದನ್ನು ಜಾರಿಗೆ ತಂದಿತು. 2022-23ರ ಹಣಕಾಸು ವರ್ಷದಿಂದ ಮಾರುಕಟ್ಟೆ ಮೌಲ್ಯದ ಆಧಾರದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳಿಗೆ ಇದು ಕಡ್ಡಾಯವಾಗಿದೆ.

ಈ ವರದಿಯನ್ನು ಬರೆಯುವುದು ಕಂಪನಿಯೇ. ತನ್ನ ನಡತೆಯ ಬಗ್ಗೆ ತಾನೇ ಬರೆದ ಹೇಳಿಕೆಯನ್ನು ಹೂಡಿಕೆದಾರರು, ಕಾರ್ಮಿಕರು ಮತ್ತು ಕಾರ್ಖಾನೆಯ ನೆರೆಹೊರೆಯವರು ಏಕೆ ನಂಬಬೇಕು, ಹೇಳಿಕೆ ಸುಳ್ಳಾದರೆ ಯಾರು ಉತ್ತರಿಸಬೇಕು ಎಂಬ ಪ್ರಶ್ನೆಗಳು ಸುಸ್ಥಿರತೆ ವರದಿಗಾರಿಕೆಯ ಆರಂಭದಿಂದಲೂ ಇವೆ. ಭಾರತದ ನಿಯಮಗಳಲ್ಲಿ ಕಳೆದ ದಶಕದಲ್ಲಿ ಆದ ಬದಲಾವಣೆಗಳಲ್ಲಿ ಹೆಚ್ಚಿನವು ಇದೇ ಪ್ರಶ್ನೆಗಳಿಗೆ ನೀಡಿದ ಭಾಗಶಃ ಉತ್ತರಗಳಾಗಿವೆ.

ಜಾಗತಿಕ ಹಿನ್ನೆಲೆ

ಕಂಪನಿಗಳು ಪರಿಸರದ ಬಗ್ಗೆ ಪ್ರತ್ಯೇಕ ವರದಿ ಪ್ರಕಟಿಸುವ ರೂಢಿಗೆ ದುರಂತಗಳೇ ಹಿನ್ನೆಲೆಯಾಗಿವೆ. 1984ರ ಭೋಪಾಲ್ ಅನಿಲ ದುರಂತವು ಅಪಾಯಕಾರಿ ರಾಸಾಯನಿಕಗಳ ಬಗ್ಗೆ ಸುತ್ತಲಿನ ಜನರಿಗೆ ಮಾಹಿತಿ ಇರಬೇಕೆಂಬ ಬೇಡಿಕೆಯನ್ನು ವಿಶ್ವದಾದ್ಯಂತ ಮುನ್ನೆಲೆಗೆ ತಂದಿತು. 1989ರ ಮಾರ್ಚ್ 24ರಂದು ಅಲಾಸ್ಕಾದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ತೈಲ ಹಡಗು ಬಂಡೆಗೆ ತಾಗಿ ಕಚ್ಚಾತೈಲ ಸೋರಿತು. ಅದೇ ವರ್ಷ ಅಮೆರಿಕದಲ್ಲಿ ಹೂಡಿಕೆದಾರರು ಮತ್ತು ಪರಿಸರ ಸಂಘಟನೆಗಳು ಸೇರಿ ಸೆರೆಸ್ ಎಂಬ ಒಕ್ಕೂಟವನ್ನು ರಚಿಸಿ, ಕಂಪನಿಗಳು ಪಾಲಿಸಬೇಕಾದ ವಾಲ್ಡೀಜ್ ತತ್ತ್ವಗಳನ್ನು ಪ್ರಕಟಿಸಿದವು. ಈ ಒಕ್ಕೂಟವು ಟೆಲಸ್ ಇನ್‌ಸ್ಟಿಟ್ಯೂಟ್ ಜೊತೆಗೂಡಿ 1997ರಲ್ಲಿ ಬಾಸ್ಟನ್‌ನಲ್ಲಿ ಆರಂಭಿಸಿದ ಗ್ಲೋಬಲ್ ರಿಪೋರ್ಟಿಂಗ್ ಇನಿಶಿಯೇಟಿವ್ (ಜಿಆರ್‌ಐ) ತನ್ನ ಮೊದಲ ಮಾರ್ಗಸೂಚಿಯನ್ನು 2000ದಲ್ಲಿ ಹೊರತಂದಿತು. ಜಿಆರ್‌ಐ ಮಾನದಂಡಗಳು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿವೆ.

2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದ ಸಂದರ್ಭದಲ್ಲಿ ಅಂತರರಾಷ್ಟ್ರೀಯ ಸುಸ್ಥಿರತೆ ಮಾನದಂಡಗಳ ಮಂಡಳಿಯ ಸ್ಥಾಪನೆ ಘೋಷಣೆಯಾಯಿತು. ಅದರ ಮೊದಲ ಎರಡು ಮಾನದಂಡಗಳು 2023ರ ಜೂನ್‌ನಲ್ಲಿ ಪ್ರಕಟವಾದವು. ಇವೆರಡರ ದೃಷ್ಟಿ ಬೇರೆ ಬೇರೆ. ಪರಿಸರದಲ್ಲಿನ ಬದಲಾವಣೆಗಳು ಕಂಪನಿಯ ಲಾಭ ಮತ್ತು ಮೌಲ್ಯದ ಮೇಲೆ ಏನು ಪರಿಣಾಮ ಬೀರುತ್ತವೆ ಎಂಬುದು ಮಂಡಳಿಯ ಮಾನದಂಡಗಳ ಕೇಂದ್ರ. ಕಂಪನಿಯು ಪರಿಸರ ಮತ್ತು ಜನರ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದು ಜಿಆರ್‌ಐ ಮಾನದಂಡಗಳ ಕೇಂದ್ರ. ಐರೋಪ್ಯ ಒಕ್ಕೂಟದ 2022ರ ನಿರ್ದೇಶನವು ಎರಡನ್ನೂ ಕೇಳುತ್ತದೆ. ಆದರೆ ಕಂಪನಿಗಳ ಮೇಲಿನ ಹೊರೆಯನ್ನು ಇಳಿಸುವ ಕಾರಣ ನೀಡಿ, ಅದರ ವ್ಯಾಪ್ತಿಯನ್ನು ಕುಗ್ಗಿಸುವ ಪ್ರಸ್ತಾವವನ್ನು ಐರೋಪ್ಯ ಆಯೋಗವು 2025ರ ಫೆಬ್ರವರಿಯಲ್ಲಿ ಮುಂದಿಟ್ಟಿತು.

ಭಾರತದಲ್ಲಿ ಬೆಳವಣಿಗೆ

ಭಾರತದಲ್ಲಿ ಈ ವ್ಯವಸ್ಥೆ ಸ್ವಯಂಪ್ರೇರಣೆಯಿಂದ ಕಡ್ಡಾಯದ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗಿತು. ಕಂಪನಿ ವ್ಯವಹಾರಗಳ ಸಚಿವಾಲಯವು 2009ರ ಡಿಸೆಂಬರ್‌ನಲ್ಲಿ ಸಾಮಾಜಿಕ ಹೊಣೆಗಾರಿಕೆಯ ಕುರಿತು ಸ್ವಯಂಪ್ರೇರಿತ ಮಾರ್ಗಸೂಚಿಯನ್ನು ಹೊರಡಿಸಿತು. ಅದೇ ವರ್ಷದ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು ಕಂಪನಿಯ ಲೆಕ್ಕಪತ್ರಗಳನ್ನು ವರ್ಷಗಳ ಕಾಲ ತಿರುಚಿದ್ದನ್ನು ಒಪ್ಪಿಕೊಂಡಿದ್ದರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2008ರಲ್ಲಿ, ಅದೇ ಕಂಪನಿಗೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ದೊರೆತಿತ್ತು. ಬಳಿಕ ಅದನ್ನು ಹಿಂಪಡೆಯಲಾಯಿತು. ಕಾನೂನುಬದ್ಧ ಲೆಕ್ಕಪರಿಶೋಧನೆಗೆ ಒಳಪಟ್ಟಿದ್ದ ಹಣಕಾಸು ವರದಿಯ ಸ್ಥಿತಿಯೇ ಹೀಗಿತ್ತು ಎಂಬುದನ್ನು ಗಮನಿಸಿದರೆ, ಯಾವ ಪರಿಶೋಧನೆಯೂ ಇಲ್ಲದ ಸುಸ್ಥಿರತೆ ವರದಿಗಳ ಬಗೆಗಿನ ಅನುಮಾನ ಅರ್ಥವಾಗುತ್ತದೆ.

2011ರ ಜುಲೈಯಲ್ಲಿ ಸಚಿವಾಲಯವು ವ್ಯವಹಾರದ ಸಾಮಾಜಿಕ, ಪರಿಸರ ಮತ್ತು ಆರ್ಥಿಕ ಹೊಣೆಗಾರಿಕೆಗಳ ಕುರಿತ ರಾಷ್ಟ್ರೀಯ ಸ್ವಯಂಪ್ರೇರಿತ ಮಾರ್ಗಸೂಚಿಯನ್ನು ಪ್ರಕಟಿಸಿ ಒಂಬತ್ತು ತತ್ತ್ವಗಳನ್ನು ನಿರೂಪಿಸಿತು. ಇವುಗಳ ಆಧಾರದ ಮೇಲೆ ಸೆಬಿಯು 2012ರ ಆಗಸ್ಟ್ 13ರ ಸುತ್ತೋಲೆಯಲ್ಲಿ ಮೊದಲ 100 ಕಂಪನಿಗಳಿಗೆ ವ್ಯವಹಾರ ಹೊಣೆಗಾರಿಕೆ ವರದಿಯನ್ನು ಕಡ್ಡಾಯಗೊಳಿಸಿತು. ಈ ವ್ಯಾಪ್ತಿ ನಂತರ 500 ಕಂಪನಿಗಳಿಗೆ, 2019ರ ಡಿಸೆಂಬರ್‌ನಲ್ಲಿ 1,000 ಕಂಪನಿಗಳಿಗೆ ವಿಸ್ತರಿಸಿತು. ಆ ಹಳೆಯ ವರದಿಯ ಹೆಚ್ಚಿನ ಪ್ರಶ್ನೆಗಳು ‘ಈ ವಿಷಯದಲ್ಲಿ ನಿಮಗೆ ನೀತಿ ಇದೆಯೇ?’ ಎಂಬ ರೀತಿಯವು. ಹೌದು ಅಥವಾ ಇಲ್ಲ ಎಂದು ಉತ್ತರಿಸಿದರೆ ಸಾಕಿತ್ತು. ನೀತಿ ಇರುವುದಕ್ಕೂ ಅದು ಪಾಲನೆಯಾಗುವುದಕ್ಕೂ ಇರುವ ಅಂತರವನ್ನು ಅಳೆಯುವ ಸಾಧನ ಅದರಲ್ಲಿ ಹೆಚ್ಚಾಗಿ ಇರಲಿಲ್ಲ.

2019ರ ಮಾರ್ಚ್‌ನಲ್ಲಿ ಮಾರ್ಗಸೂಚಿಯನ್ನು ಪರಿಷ್ಕರಿಸಿ ‘ಜವಾಬ್ದಾರಿಯುತ ವ್ಯವಹಾರ ನಡವಳಿಕೆಯ ರಾಷ್ಟ್ರೀಯ ಮಾರ್ಗಸೂಚಿ’ ಎಂದು ಹೆಸರಿಸಲಾಯಿತು. ಸಚಿವಾಲಯವು ನೇಮಿಸಿದ್ದ ಸಮಿತಿಯು 2020ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ತನ್ನ ವರದಿಯಲ್ಲಿ ಇಂದಿನ ಬಿಆರ್‌ಎಸ್‌ಆರ್‌ನ ನಮೂನೆಯನ್ನು ಶಿಫಾರಸು ಮಾಡಿತು. ನಿಗದಿತ ಮಿತಿಗಿಂತ ದೊಡ್ಡದಾದ, ಷೇರುಪೇಟೆಯಲ್ಲಿ ನೋಂದಾಯಿಸದ ಕಂಪನಿಗಳಿಗೂ ವರದಿಯನ್ನು ವಿಸ್ತರಿಸಬೇಕೆಂದೂ, ಅಂತಹವುಗಳಿಗೆ ಸರಳ ನಮೂನೆಯೊಂದು ಇರಬೇಕೆಂದೂ ಅದೇ ಸಮಿತಿ ಹೇಳಿತ್ತು. ಸೆಬಿಯ ಅಧಿಕಾರ ನೋಂದಾಯಿತ ಕಂಪನಿಗಳಿಗೆ ಸೀಮಿತವಾದುದರಿಂದ ಅದರ ಸುತ್ತೋಲೆಗಳು ಈ ಎರಡನೆಯ ಶಿಫಾರಸನ್ನು ಒಳಗೊಳ್ಳಲಿಲ್ಲ.

ಬಿಆರ್‌ಎಸ್‌ಆರ್ ಅನ್ನು ಸಾಂಸ್ಥಿಕ ಸಾಮಾಜಿಕ ಹೊಣೆಗಾರಿಕೆ ಅಥವಾ ಸಿಎಸ್‌ಆರ್ ವೆಚ್ಚದೊಂದಿಗೆ ಗೊಂದಲ ಮಾಡಿಕೊಳ್ಳುವುದು ಸಾಮಾನ್ಯ. ಕಂಪನಿ ಕಾಯ್ದೆ 2013ರ 135ನೆಯ ಕಲಮಿನ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವ್ಯಯಿಸಬೇಕು. ಅದು ಗಳಿಸಿದ ಲಾಭವನ್ನು ಹೇಗೆ ಖರ್ಚು ಮಾಡಲಾಯಿತು ಎಂಬುದರ ಲೆಕ್ಕ. ಬಿಆರ್‌ಎಸ್‌ಆರ್ ಲಾಭವನ್ನು ಹೇಗೆ ಗಳಿಸಲಾಯಿತು ಎಂದು ಕೇಳುತ್ತದೆ. ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟ ಕಂಪನಿಯ ಕಾರ್ಖಾನೆಯಿಂದ ಕೆರೆಗೆ ಕೊಳಚೆ ಹರಿಯುತ್ತಿದ್ದರೆ ಮೊದಲನೆಯ ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ವರದಿಯ ರಚನೆ

ವರದಿಯಲ್ಲಿ ಮೂರು ಭಾಗಗಳಿವೆ. ಮೊದಲ ಭಾಗದಲ್ಲಿ ಕಂಪನಿಯ ಸಾಮಾನ್ಯ ಪರಿಚಯ, ಉದ್ಯೋಗಿಗಳ ಸಂಖ್ಯೆ ಮತ್ತು ದೂರುಗಳ ವಿವರ, ಎರಡನೆಯದರಲ್ಲಿ ಆಡಳಿತ ಮತ್ತು ನೀತಿಗಳ ವಿವರ ಇರುತ್ತದೆ. ಮೂರನೆಯದು ಒಂಬತ್ತು ತತ್ತ್ವಗಳ ಕ್ರಮದಲ್ಲಿ ಸಾಧನೆಯ ಅಂಕಿ ಅಂಶಗಳನ್ನು ಕೇಳುತ್ತದೆ. ನೈತಿಕ ಹಾಗೂ ಪಾರದರ್ಶಕ ಆಡಳಿತ, ಸುರಕ್ಷಿತ ಉತ್ಪನ್ನ, ಉದ್ಯೋಗಿಗಳ ಕ್ಷೇಮ, ಎಲ್ಲ ಬಾಧ್ಯಸ್ಥರ ಬಗೆಗಿನ ಸ್ಪಂದನೆ, ಮಾನವ ಹಕ್ಕುಗಳು, ಪರಿಸರ ರಕ್ಷಣೆ, ಸರ್ಕಾರದ ನೀತಿಗಳ ಮೇಲೆ ಪ್ರಭಾವ ಬೀರುವಾಗಿನ ಪಾರದರ್ಶಕತೆ, ಸಮಾನ ಅಭಿವೃದ್ಧಿ ಮತ್ತು ಗ್ರಾಹಕರ ಹಿತ ಇವೇ ಆ ತತ್ತ್ವಗಳ ವಿಷಯಗಳು.

ಪ್ರತಿ ತತ್ತ್ವದ ಅಡಿಯಲ್ಲಿ ಕಡ್ಡಾಯವಾದ ‘ಅತ್ಯಗತ್ಯ ಸೂಚಕ’ಗಳೂ ಐಚ್ಛಿಕವಾದ ‘ನಾಯಕತ್ವ ಸೂಚಕ’ಗಳೂ ಇವೆ. ಯಾವುದು ಯಾವ ಗುಂಪಿನಲ್ಲಿದೆ ಎಂಬುದು ಮುಖ್ಯ. ಕಂಪನಿಯ ಸ್ವಂತ ಕುಲುಮೆ, ವಾಹನ ಇತ್ಯಾದಿಗಳಿಂದ ಹೊರಬರುವ ಹಸಿರುಮನೆ ಅನಿಲ (ಮೊದಲ ವ್ಯಾಪ್ತಿ) ಹಾಗೂ ಖರೀದಿಸಿದ ವಿದ್ಯುತ್ತಿನಿಂದ ಉಂಟಾಗುವ ಹೊರಸೂಸುವಿಕೆ (ಎರಡನೆಯ ವ್ಯಾಪ್ತಿ) ಅತ್ಯಗತ್ಯ ಸೂಚಕಗಳಲ್ಲಿವೆ. ಕಚ್ಚಾವಸ್ತು ಪೂರೈಕೆ, ಸಾಗಣೆ ಮತ್ತು ಮಾರಿದ ಉತ್ಪನ್ನದ ಬಳಕೆಯಿಂದ ಉಂಟಾಗುವ ಮೂರನೆಯ ವ್ಯಾಪ್ತಿಯ ಹೊರಸೂಸುವಿಕೆ ಐಚ್ಛಿಕ. ವಾಹನ ತಯಾರಕ ಅಥವಾ ತೈಲ ಕಂಪನಿಯೊಂದರ ವಿಷಯದಲ್ಲಿ ಒಟ್ಟು ಹೊರಸೂಸುವಿಕೆಯ ಅತಿದೊಡ್ಡ ಪಾಲು ಇರುವುದು ಈ ಮೂರನೆಯ ವ್ಯಾಪ್ತಿಯಲ್ಲಿಯೇ.

ಅಂಕಿಗಳನ್ನು ಒಟ್ಟು ಪ್ರಮಾಣದಲ್ಲಿ ಮಾತ್ರವಲ್ಲದೆ ವಹಿವಾಟಿನ ಪ್ರತಿ ರೂಪಾಯಿಗೆ ಎಷ್ಟು ಎಂಬ ‘ತೀವ್ರತೆ’ಯ ರೂಪದಲ್ಲಿಯೂ ನೀಡಬೇಕು. ಇವೆರಡನ್ನೂ ಜೊತೆಯಾಗಿ ಓದುವುದು ಅಗತ್ಯ. ಉದಾಹರಣೆಗೆ, ಕಂಪನಿಯೊಂದರ ಹೊರಸೂಸುವಿಕೆ 1,00,000 ಟನ್‌ನಿಂದ 1,10,000 ಟನ್‌ಗೆ ಏರಿ, ಅದೇ ಅವಧಿಯಲ್ಲಿ ವಹಿವಾಟು 1,000 ಕೋಟಿ ರೂಪಾಯಿಯಿಂದ 1,250 ಕೋಟಿಗೆ ಏರಿದರೆ, ತೀವ್ರತೆ ಕೋಟಿಗೆ 100 ಟನ್‌ನಿಂದ 88 ಟನ್‌ಗೆ ಇಳಿದಂತೆ ಕಾಣುತ್ತದೆ. ಶೇ. 12ರಷ್ಟು ಇಳಿಕೆ ಎಂದು ಬರೆದರೂ ಸುಳ್ಳಲ್ಲ, ಶೇ. 10ರಷ್ಟು ಏರಿಕೆ ಎಂದು ಬರೆದರೂ ಸುಳ್ಳಲ್ಲ. ವಾತಾವರಣಕ್ಕೆ ಸೇರಿದ್ದು ಮಾತ್ರ ಹೆಚ್ಚುವರಿ 10,000 ಟನ್.

ಮಾನವ ಹಕ್ಕುಗಳ ತತ್ತ್ವದ ಅಡಿಯಲ್ಲಿರುವ ಕನಿಷ್ಠ ವೇತನದ ಕೋಷ್ಟಕವೂ ಗಮನಾರ್ಹವಾದುದು. ಕನಿಷ್ಠ ವೇತನಕ್ಕೆ ಸಮನಾದ ವೇತನ ಪಡೆಯುವವರು ಎಷ್ಟು, ಅದಕ್ಕಿಂತ ಹೆಚ್ಚು ಪಡೆಯುವವರು ಎಷ್ಟು ಎಂದು ಅದು ಕೇಳುತ್ತದೆ. ಅದಕ್ಕಿಂತ ಕಡಿಮೆ ಪಡೆಯುವವರಿಗಾಗಿ ಕೋಷ್ಟಕದಲ್ಲಿ ಪ್ರತ್ಯೇಕ ಅಂಕಣವಿಲ್ಲ. ಕಡಿಮೆ ವೇತನ ಕಾನೂನುಬಾಹಿರ ಎಂಬುದೇ ಇದಕ್ಕೆ ಕಾರಣವಿರಬಹುದಾದರೂ, ನಡೆಯಬಾರದ್ದು ನಡೆದಾಗ ಅದನ್ನು ದಾಖಲಿಸುವ ಸ್ಥಳ ನಮೂನೆಯಲ್ಲಿ ಇಲ್ಲದಂತಾಗಿದೆ.

ವಿಶ್ವಾಸಾರ್ಹತೆಯ ಪ್ರಶ್ನೆ

ಪರಿಸರಸ್ನೇಹಿ ಎಂದು ತೋರಿಸಿಕೊಳ್ಳುತ್ತ ವಾಸ್ತವದಲ್ಲಿ ಹಾಗೆ ನಡೆದುಕೊಳ್ಳದಿರುವುದನ್ನು ‘ಗ್ರೀನ್‌ವಾಷಿಂಗ್’ ಅಥವಾ ಹಸಿರು ಸೋಗು ಎನ್ನಲಾಗುತ್ತದೆ. ಅಮೆರಿಕದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ 1986ರಲ್ಲಿ ಹೋಟೆಲುಗಳ ಕುರಿತು ಬರೆಯುತ್ತ ಈ ಪದವನ್ನು ಬಳಸಿದರು. ಪರಿಸರ ಉಳಿಸಲು ಟವೆಲುಗಳನ್ನು ಮರುಬಳಕೆ ಮಾಡಿ ಎಂದು ಅತಿಥಿಗಳನ್ನು ಕೋರುವ ಹೋಟೆಲುಗಳು ನಿಜವಾಗಿ ಉಳಿಸುತ್ತಿದ್ದುದು ತಮ್ಮ ಒಗೆತದ ಖರ್ಚನ್ನು ಎಂಬುದು ಅವರ ಟೀಕೆಯಾಗಿತ್ತು.

ಸೋಗು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಫೋಕ್ಸ್‌ವ್ಯಾಗನ್ ಪ್ರಕರಣವನ್ನು ಉದಾಹರಿಸಲಾಗುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಡೌ ಜೋನ್ಸ್ ಸುಸ್ಥಿರತೆ ಸೂಚ್ಯಂಕವು ಈ ಜರ್ಮನ್ ಕಂಪನಿಯನ್ನು ವಾಹನ ಕ್ಷೇತ್ರದ ಮುಂಚೂಣಿ ಸಂಸ್ಥೆಯೆಂದು ಗುರುತಿಸಿತು. ಅದೇ ತಿಂಗಳ 18ರಂದು, ಹೊಗೆ ತಪಾಸಣೆಯ ವೇಳೆ ಮಾತ್ರ ಮಾಲಿನ್ಯವನ್ನು ತಗ್ಗಿಸುವ ತಂತ್ರಾಂಶವನ್ನು ಡೀಸೆಲ್ ಕಾರುಗಳಲ್ಲಿ ಅಳವಡಿಸಿದ್ದಕ್ಕಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಕಂಪನಿಗೆ ನೋಟಿಸ್ ನೀಡಿತು. ವಿಶ್ವದಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಆ ತಂತ್ರಾಂಶ ಇತ್ತು. ಅಕ್ಟೋಬರ್‌ನಲ್ಲಿ ಕಂಪನಿಯನ್ನು ಸೂಚ್ಯಂಕದಿಂದ ಕೈಬಿಡಲಾಯಿತು.

ಇನ್ನೂ ಗಂಭೀರವಾದುದು ಬ್ರೆಜಿಲ್‌ನ ಬ್ರುಮಾಡಿನ್ಯೊ ದುರಂತ. 2019ರ ಜನವರಿ 25ರಂದು ವಾಲೆ ಎಂಬ ಗಣಿ ಕಂಪನಿಗೆ ಸೇರಿದ ಕಬ್ಬಿಣದ ಅದಿರಿನ ಗಣಿತ್ಯಾಜ್ಯದ ಅಣೆಕಟ್ಟು ಒಡೆದು 270 ಜನರು ಸತ್ತರು. ಅವರಲ್ಲಿ ಹೆಚ್ಚಿನವರು ಗಣಿಯಲ್ಲಿ ಕೆಲಸ ಮಾಡುತ್ತಿದ್ದವರು. ಕೆಲವೇ ತಿಂಗಳ ಹಿಂದೆ ಜರ್ಮನ್ ಮೂಲದ ತಪಾಸಣಾ ಸಂಸ್ಥೆ ಟುಫ್ ಸುಡ್‌ನ ಬ್ರೆಜಿಲ್ ಘಟಕವು ಈ ಅಣೆಕಟ್ಟು ಸ್ಥಿರವಾಗಿದೆ ಎಂದು ಪ್ರಮಾಣಪತ್ರ ನೀಡಿತ್ತು. ಕಂಪನಿಯು ತನ್ನ ಸುಸ್ಥಿರತೆ ವರದಿಗಳಲ್ಲಿ ಅತ್ಯಂತ ಕಟ್ಟುನಿಟ್ಟಿನ ಅಂತರರಾಷ್ಟ್ರೀಯ ಪದ್ಧತಿಗಳನ್ನು ಪಾಲಿಸುತ್ತಿರುವುದಾಗಿಯೂ, ತನ್ನ ಎಲ್ಲ ಅಣೆಕಟ್ಟುಗಳೂ ಸ್ಥಿರವೆಂದು ಪ್ರಮಾಣೀಕೃತವಾಗಿರುವುದಾಗಿಯೂ ಹೂಡಿಕೆದಾರರಿಗೆ ತಿಳಿಸಿತ್ತು. ಅಮೆರಿಕದ ಷೇರು ನಿಯಂತ್ರಣ ಆಯೋಗವು 2022ರ ಏಪ್ರಿಲ್‌ನಲ್ಲಿ, ಸುರಕ್ಷತಾ ತಪಾಸಣೆಗಳನ್ನು ತಿರುಚಿ ಹೂಡಿಕೆದಾರರನ್ನೂ ಸ್ಥಳೀಯ ಸಮುದಾಯಗಳನ್ನೂ ದಾರಿತಪ್ಪಿಸಿದ ಆರೋಪದ ಮೇಲೆ ಕಂಪನಿಯ ವಿರುದ್ಧ ಮೊಕದ್ದಮೆ ಹೂಡಿತು. 2023ರ ಮಾರ್ಚ್‌ನಲ್ಲಿ 5.59 ಕೋಟಿ ಡಾಲರ್ ಪಾವತಿಯೊಂದಿಗೆ ಅದು ಇತ್ಯರ್ಥವಾಯಿತು. ಸುಸ್ಥಿರತೆ ವರದಿಯಲ್ಲಿನ ಮಾತಿಗೆ ಷೇರು ಕಾನೂನಿನಡಿ ಉತ್ತರಿಸಬೇಕಾಗಬಹುದು ಎಂಬುದನ್ನು ಈ ಪ್ರಕರಣ ತೋರಿಸಿತು. ಆದರೆ ಅದು ನ್ಯಾಯಾಲಯ ತಲುಪಿದ್ದು ಅಣೆಕಟ್ಟು ಒಡೆದ ಮೇಲೆ. ಪ್ರಮಾಣಪತ್ರವೇ ಇಲ್ಲದಿದ್ದ ಪ್ರಕರಣ ಇದಲ್ಲ. ಪ್ರಮಾಣಪತ್ರ ನೀಡುವವರ ಶುಲ್ಕವನ್ನು ಪ್ರಮಾಣಪತ್ರ ಪಡೆಯುವವರೇ ತೆರುತ್ತಿದ್ದ ಪ್ರಕರಣ.

ಸ್ವತಂತ್ರ ದೃಢೀಕರಣ

ಈ ಹಿನ್ನೆಲೆಯಲ್ಲಿ ಸೆಬಿಯು 2023ರ ಜುಲೈ 12ರ ಸುತ್ತೋಲೆಯಲ್ಲಿ ‘ಬಿಆರ್‌ಎಸ್‌ಆರ್ ಕೋರ್’ ಎಂಬ ಕಿರು ವಿಭಾಗವನ್ನು ರೂಪಿಸಿ, ಅದರಲ್ಲಿನ ಅಂಕಿಗಳನ್ನು ಹೊರಗಿನ ಸಂಸ್ಥೆಯಿಂದ ದೃಢೀಕರಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಿತು. ಇದು ಒಂಬತ್ತು ವಿಷಯಗಳನ್ನು ಒಳಗೊಂಡಿದೆ: ಹಸಿರುಮನೆ ಅನಿಲ, ನೀರು, ಇಂಧನ, ತ್ಯಾಜ್ಯ ನಿರ್ವಹಣೆ, ಉದ್ಯೋಗಿಗಳ ಕ್ಷೇಮ ಮತ್ತು ಸುರಕ್ಷತೆ, ಲಿಂಗ ವೈವಿಧ್ಯ, ಸಮಾವೇಶಕ ಅಭಿವೃದ್ಧಿ, ಗ್ರಾಹಕರು ಮತ್ತು ಪೂರೈಕೆದಾರರೊಂದಿಗೆ ನ್ಯಾಯಯುತ ವ್ಯವಹಾರ, ಹಾಗೂ ವ್ಯವಹಾರದ ಮುಕ್ತತೆ. ಒಟ್ಟು ವೇತನದಲ್ಲಿ ಮಹಿಳೆಯರ ಪಾಲು, ಸಣ್ಣ ಊರುಗಳಲ್ಲಿ ಸೃಷ್ಟಿಯಾದ ಉದ್ಯೋಗ, ಸಣ್ಣ ಉತ್ಪಾದಕರಿಂದ ಮಾಡಿದ ಖರೀದಿ, ಪೂರೈಕೆದಾರರಿಗೆ ಹಣ ಪಾವತಿಸಲು ತೆಗೆದುಕೊಂಡ ದಿನಗಳು ಮುಂತಾದ ಸೂಚಕಗಳು ಇದರಲ್ಲಿವೆ. ಭಾರತದ ಪರಿಸ್ಥಿತಿಗೆ ಹೊಂದುವ ಇಂತಹ ಸೂಚಕಗಳು ಈ ವಿಭಾಗದ ಹೆಚ್ಚುಗಾರಿಕೆ ಎನ್ನಬಹುದು.

ದೃಢೀಕರಣದ ನಿಯಮ 2023-24ರಲ್ಲಿ ಮೊದಲ 150 ಕಂಪನಿಗಳಿಗೆ ಅನ್ವಯವಾಯಿತು. 2024-25ರಲ್ಲಿ 250, 2025-26ರಲ್ಲಿ 500 ಮತ್ತು 2026-27ರಲ್ಲಿ 1,000 ಕಂಪನಿಗಳಿಗೆ ವಿಸ್ತರಿಸುವ ವೇಳಾಪಟ್ಟಿಯನ್ನು ಸುತ್ತೋಲೆಯಲ್ಲೇ ನೀಡಲಾಗಿತ್ತು.

ದೃಢೀಕರಣದಲ್ಲಿ ಎರಡು ಮಟ್ಟಗಳಿವೆ. ‘ಸೀಮಿತ’ ದೃಢೀಕರಣದಲ್ಲಿ ಪರಿಶೋಧಕರು ಮುಖ್ಯವಾಗಿ ವಿಚಾರಣೆ ಹಾಗೂ ವಿಶ್ಲೇಷಣೆಗಳನ್ನು ನಡೆಸಿ, ವರದಿ ತಪ್ಪೆಂದು ಹೇಳುವಂತಹ ಅಂಶ ಯಾವುದೂ ಕಂಡುಬರಲಿಲ್ಲ ಎಂಬ ನಕಾರಾತ್ಮಕ ರೂಪದ ಅಭಿಪ್ರಾಯ ನೀಡುತ್ತಾರೆ. ‘ಸಮಂಜಸ’ ದೃಢೀಕರಣದಲ್ಲಿ ಮೂಲ ದಾಖಲೆಗಳನ್ನೂ ಆಂತರಿಕ ನಿಯಂತ್ರಣಗಳನ್ನೂ ಆಳವಾಗಿ ಪರೀಕ್ಷಿಸಿ, ವರದಿಯು ಎಲ್ಲ ಮುಖ್ಯ ಅಂಶಗಳಲ್ಲಿ ಸರಿಯಾಗಿದೆ ಎಂದು ನೇರವಾಗಿ ಹೇಳಬೇಕು. ಮೊದಲನೆಯದು ‘ತಪ್ಪು ಕಾಣಲಿಲ್ಲ’ ಎಂಬ ಮಾತು, ಎರಡನೆಯದು ‘ಸರಿಯಿದೆ’ ಎಂಬ ಮಾತು. ಸೆಬಿಯು ಕೋರ್ ವಿಭಾಗಕ್ಕೆ ಆಯ್ಕೆ ಮಾಡಿದ್ದು ಎರಡನೆಯದನ್ನು. ಉಳಿದ ವರದಿಗೆ ಇಂತಹ ಕಡ್ಡಾಯವಿಲ್ಲದಿರುವುದರಿಂದ, ಒಂದೇ ದಾಖಲೆಯೊಳಗೆ ಪರೀಕ್ಷೆಗೊಳಗಾದ ಅಂಕಿಗಳೂ ಪರೀಕ್ಷೆಗೊಳಗಾಗದ ಮಾತುಗಳೂ ಅಕ್ಕಪಕ್ಕದಲ್ಲಿ ಇರುತ್ತವೆ.

ದೃಢೀಕರಿಸುವವರು ಲೆಕ್ಕಪರಿಶೋಧಕರೇ ಆಗಬೇಕೆಂದಿಲ್ಲ. ಎಂಜಿನಿಯರಿಂಗ್ ಅಥವಾ ಪರಿಸರ ಕ್ಷೇತ್ರದ ಸಂಸ್ಥೆಗಳೂ ಈ ಕೆಲಸ ಮಾಡಬಹುದು. ಅವರಿಗೆ ಅಗತ್ಯ ಪರಿಣತಿ ಇದೆಯೆಂಬುದನ್ನು ಖಚಿತಪಡಿಸಿಕೊಳ್ಳುವುದು ಕಂಪನಿಯ ನಿರ್ದೇಶಕ ಮಂಡಳಿಯ ಹೊಣೆ. ದೃಢೀಕರಿಸುವ ಸಂಸ್ಥೆ ಅಥವಾ ಅದರ ಸಹವರ್ತಿಗಳು ಅದೇ ಕಂಪನಿಗೆ ಸಲಹಾ ಸೇವೆಯನ್ನು ನೀಡುವಂತಿಲ್ಲ, ತಮ್ಮ ಉತ್ಪನ್ನಗಳನ್ನು ಮಾರುವಂತಿಲ್ಲ ಎಂಬ ನಿರ್ಬಂಧವೂ ಇದೆ. ವರದಿಯನ್ನು ಬರೆದುಕೊಟ್ಟವರೇ ಅದನ್ನು ಪರೀಕ್ಷಿಸುವ ಸಾಧ್ಯತೆಯನ್ನು ಇದು ತಡೆಯುತ್ತದೆ. ಆದರೆ ಪರೀಕ್ಷಕರನ್ನು ಆರಿಸುವವರೂ ಅವರ ಶುಲ್ಕ ಕೊಡುವವರೂ ಕಂಪನಿಯವರೇ ಎಂಬ ಮೂಲ ಸಮಸ್ಯೆಯನ್ನು ಇದು ಬಗೆಹರಿಸುವುದಿಲ್ಲ.

ಮೌಲ್ಯ ಸರಪಳಿ ಮತ್ತು ಕರ್ನಾಟಕದ ಸಿದ್ಧ ಉಡುಪು ಪ್ರಕರಣ

ಕಂಪನಿಯ ಗೇಟಿನೊಳಗಿನ ಲೆಕ್ಕವಷ್ಟೇ ವರದಿಯಲ್ಲಿದ್ದರೆ, ಹೆಚ್ಚು ಮಾಲಿನ್ಯದ ಅಥವಾ ಕಡಿಮೆ ಕೂಲಿಯ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟು ವರದಿಯನ್ನು ಸ್ವಚ್ಛವಾಗಿಡಬಹುದು. ಇದನ್ನು ತಪ್ಪಿಸಲು 2023ರ ಸುತ್ತೋಲೆಯು ಮೊದಲ 250 ಕಂಪನಿಗಳು ತಮ್ಮ ಪೂರೈಕೆದಾರರು ಹಾಗೂ ವಿತರಕರ, ಅಂದರೆ ಮೌಲ್ಯ ಸರಪಳಿಯ, ವಿವರಗಳನ್ನೂ 2024-25ರಿಂದ ನೀಡಬೇಕು ಇಲ್ಲವೇ ನೀಡದಿರುವುದಕ್ಕೆ ಕಾರಣ ತಿಳಿಸಬೇಕು ಎಂದು ಹೇಳಿತ್ತು. ಸಣ್ಣ ಪೂರೈಕೆದಾರರಿಗೆ ಇದು ಹೊರೆಯಾಗುತ್ತದೆ ಎಂಬ ಆಕ್ಷೇಪ ಉದ್ಯಮದಿಂದ ಬಂದಿತು. 2024ರ ಡಿಸೆಂಬರ್‌ನಲ್ಲಿ ಸೆಬಿಯ ಮಂಡಳಿ ಸಭೆ ನಿಯಮವನ್ನು ಸಡಿಲಿಸಿತು. 2025ರ ಮಾರ್ಚ್ 28ರ ಸುತ್ತೋಲೆ ಅದನ್ನು ಜಾರಿಗೊಳಿಸಿತು. ಅದರಂತೆ ಮೌಲ್ಯ ಸರಪಳಿಯ ವರದಿ ಒಂದು ವರ್ಷ ಮುಂದಕ್ಕೆ ಹೋಗಿ, ಸ್ವಯಂಪ್ರೇರಿತವೂ ಆಯಿತು. ಖರೀದಿ ಅಥವಾ ಮಾರಾಟದ ಮೌಲ್ಯದಲ್ಲಿ ಶೇ. 2 ಅಥವಾ ಅದಕ್ಕಿಂತ ಹೆಚ್ಚಿನ ಪಾಲುಳ್ಳ ಪಾಲುದಾರರನ್ನು ಮಾತ್ರ ಪರಿಗಣಿಸಿದರೆ ಸಾಕು. ‘ದೃಢೀಕರಣ’ ಎಂದಿದ್ದ ಕಡೆ ‘ಮೌಲ್ಯಮಾಪನ ಅಥವಾ ದೃಢೀಕರಣ’ ಎಂಬ ಪದಗಳು ಬಂದವು.

ಸರಪಳಿಯ ಕೆಳತುದಿಯ ಸ್ಥಿತಿ ಮೇಲ್ತುದಿಯ ವರದಿಗಳಲ್ಲಿ ಹೇಗೆ ಕಾಣದೇ ಹೋಗಬಹುದು ಎಂಬುದಕ್ಕೆ ಕರ್ನಾಟಕದ ಸಿದ್ಧ ಉಡುಪು ಉದ್ಯಮದಲ್ಲಿ ನಿದರ್ಶನವಿದೆ. ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳ ಉಡುಪು ಕಾರ್ಖಾನೆಗಳು ಜಾಗತಿಕ ಬ್ರ್ಯಾಂಡುಗಳಿಗೆ ಬಟ್ಟೆ ಹೊಲಿದುಕೊಡುತ್ತವೆ. ಅಲ್ಲಿನ ಕಾರ್ಮಿಕರಲ್ಲಿ ಬಹುಪಾಲು ಮಹಿಳೆಯರು. 2020ರ ಏಪ್ರಿಲ್‌ನಿಂದ ಅವರಿಗೆ ಸಲ್ಲಬೇಕಿದ್ದ ವ್ಯತ್ಯಾಸಾತ್ಮಕ ತುಟ್ಟಿಭತ್ಯೆ, ತಿಂಗಳಿಗೆ ಸುಮಾರು 417 ರೂಪಾಯಿ, ಅನೇಕ ಕಾರ್ಖಾನೆಗಳಲ್ಲಿ ಪಾವತಿಯಾಗಲಿಲ್ಲ. ಕೋವಿಡ್ ಸಂಕಷ್ಟದ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರವು ಈ ಏರಿಕೆಯನ್ನು ಮುಂದೂಡಿತ್ತು. ಕಾರ್ಮಿಕ ಸಂಘಟನೆಗಳು ಇದನ್ನು ಪ್ರಶ್ನಿಸಿದ ಮೇಲೆ ಕರ್ನಾಟಕ ಹೈಕೋರ್ಟ್ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಮಿಕರ ಪರವಾಗಿ ಆದೇಶ ನೀಡಿತು. ಆದರೂ ಬಾಕಿ ಉಳಿಯಿತು. ಅಮೆರಿಕ ಮೂಲದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಸಂಸ್ಥೆಯ ಪ್ರಕಾರ ಇದರಿಂದ ಬಾಧಿತರಾದವರು 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರು. 2021ರ ಕೊನೆಯಲ್ಲಿ ವಿಷಯವು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಬಂದು, ಖರೀದಿದಾರ ಬ್ರ್ಯಾಂಡುಗಳ ಮೇಲೆ ಒತ್ತಡ ಹೆಚ್ಚಿದ ಬಳಿಕ, 2022ರ ಆರಂಭದಲ್ಲಿ ದೊಡ್ಡ ತಯಾರಕರು ಬಾಕಿ ಪಾವತಿಸಲು ಮುಂದಾದರು.

ಕನಿಷ್ಠ ವೇತನ ಪಾವತಿಯಾಗಬೇಕೆಂಬ ನಿಯಮವನ್ನು ಪೂರೈಕೆದಾರರ ನೀತಿಸಂಹಿತೆಯಲ್ಲಿ ಸೇರಿಸುವುದು ಈ ಉದ್ಯಮದ ದೊಡ್ಡ ಬ್ರ್ಯಾಂಡುಗಳ ಸಾಮಾನ್ಯ ರೂಢಿ. ಆದಾಗ್ಯೂ ಬಾಕಿಯನ್ನು ಬೆಳಕಿಗೆ ತಂದದ್ದು ಸಂಬಳದ ಚೀಟಿಯನ್ನು ಕೈಯಲ್ಲಿ ಹಿಡಿದಿದ್ದ ಕಾರ್ಮಿಕರು, ಅವರ ಸಂಘಟನೆಗಳು ಮತ್ತು ನ್ಯಾಯಾಲಯ. ವರದಿಯ ಸತ್ಯಾಸತ್ಯತೆಯನ್ನು ಪರೀಕ್ಷಿಸುವವರು ದಾಖಲೆಗಳ ಜೊತೆಗೆ ಕಾರ್ಮಿಕರನ್ನೂ ಮಾತನಾಡಿಸಬೇಕು, ಅದೂ ಮೇಲ್ವಿಚಾರಕರ ಎದುರಿನಲ್ಲಿ ಅಲ್ಲ, ಎಂಬ ಕಾರ್ಮಿಕ ಸಂಘಟನೆಗಳ ವಾದಕ್ಕೆ ಇಂತಹ ಅನುಭವಗಳೇ ಆಧಾರ.

ರೇಟಿಂಗ್, ನಿಧಿಗಳು ಮತ್ತು ಜಾಹೀರಾತು

ಹೂಡಿಕೆದಾರರಲ್ಲಿ ಹೆಚ್ಚಿನವರು ನೂರಾರು ಪುಟಗಳ ವರದಿಯನ್ನು ಸ್ವತಃ ಓದದೆ ಪರಿಸರ, ಸಾಮಾಜಿಕ ಮತ್ತು ಆಡಳಿತ (ಇಎಸ್‌ಜಿ) ರೇಟಿಂಗ್‌ಗಳನ್ನು ಅವಲಂಬಿಸುತ್ತಾರೆ. ಫ್ಲೋರಿಯನ್ ಬರ್ಗ್, ಜೂಲಿಯನ್ ಕೋಲ್ಬೆಲ್ ಮತ್ತು ರಾಬರ್ಟೊ ರಿಗೊಬಾನ್ ಅವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ಪ್ರಮುಖ ಸಂಸ್ಥೆಗಳ ರೇಟಿಂಗ್‌ಗಳ ನಡುವಿನ ಸರಾಸರಿ ಸಹಸಂಬಂಧ 0.54 ಮಾತ್ರ ಎಂದು ಕಂಡುಬಂದಿತು. ಅಂದರೆ ಒಂದೇ ಕಂಪನಿ ಒಬ್ಬರ ಪಟ್ಟಿಯಲ್ಲಿ ಉತ್ತಮವಾಗಿಯೂ ಇನ್ನೊಬ್ಬರ ಪಟ್ಟಿಯಲ್ಲಿ ಸಾಧಾರಣವಾಗಿಯೂ ಇರಬಹುದು. 2023ರ ಜುಲೈಯಲ್ಲಿ ಸೆಬಿಯು ಇಂತಹ ರೇಟಿಂಗ್ ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯಗೊಳಿಸಿ, ದೃಢೀಕೃತ ಅಂಕಿಗಳನ್ನು ಆಧರಿಸಿದ ‘ಕೋರ್’ ರೇಟಿಂಗ್ ಅನ್ನು ಪ್ರತ್ಯೇಕವಾಗಿ ನೀಡುವ ವ್ಯವಸ್ಥೆ ಮಾಡಿತು. ಇಎಸ್‌ಜಿ ಹೆಸರಿನ ಮ್ಯೂಚುವಲ್ ಫಂಡ್ ಯೋಜನೆಗಳು ತಮ್ಮ ಹೂಡಿಕೆಯ ಕನಿಷ್ಠ ಶೇ. 65ರಷ್ಟನ್ನು ಕೋರ್ ದೃಢೀಕರಣ ಪಡೆದ ಕಂಪನಿಗಳಲ್ಲಿ ತೊಡಗಿಸಬೇಕೆಂಬ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಾಯಿತು.

ಗ್ರಾಹಕರ ವಿಷಯದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಹಸಿರು ಸೋಗಿನ ವಿರುದ್ಧ ಮಾರ್ಗಸೂಚಿಯನ್ನು ಹೊರಡಿಸಿತು. ‘ಹಸಿರು’, ‘ಪರಿಸರಸ್ನೇಹಿ’, ‘ಸ್ವಚ್ಛ’ ಮುಂತಾದ ಸಾಮಾನ್ಯ ಪದಗಳನ್ನು ಆಧಾರವಿಲ್ಲದೆ ಜಾಹೀರಾತಿನಲ್ಲಿ ಬಳಸುವುದನ್ನು ಅದು ನಿರ್ಬಂಧಿಸುತ್ತದೆ. ವಿದೇಶದಲ್ಲಿ ದಂಡದ ನಿದರ್ಶನಗಳೂ ಇವೆ. ಜರ್ಮನಿಯ ಡ್ಯೂಯಿಷ್ ಬ್ಯಾಂಕ್‌ನ ಹೂಡಿಕೆ ಅಂಗಸಂಸ್ಥೆ ಡಿಡಬ್ಲ್ಯುಎಸ್, ತನ್ನ ಹೂಡಿಕೆ ಪ್ರಕ್ರಿಯೆಯ ಬಗ್ಗೆ ದಾರಿತಪ್ಪಿಸುವ ಹೇಳಿಕೆ ನೀಡಿದ ಪ್ರಕರಣದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ 1.9 ಕೋಟಿ ಡಾಲರ್ ದಂಡ ತೆತ್ತಿತು.

ವರದಿಯನ್ನು ಓದುವ ಬಗೆ

ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇನ್ಫೋಸಿಸ್, ವಿಪ್ರೊ, ಬಯೋಕಾನ್, ಕೆನರಾ ಬ್ಯಾಂಕ್, ಹಿಂದೂಸ್ತಾನ್ ಏರೋನಾಟಿಕ್ಸ್ ಮುಂತಾದ ಕಂಪನಿಗಳ ವರದಿಗಳು ಆಯಾ ಕಂಪನಿಗಳ ಹಾಗೂ ಷೇರುಪೇಟೆಗಳ ಜಾಲತಾಣಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಗಣಕಯಂತ್ರದಿಂದ ನೇರವಾಗಿ ಓದಬಲ್ಲ ಎಕ್ಸ್‌ಬಿಆರ್‌ಎಲ್ ರೂಪದಲ್ಲಿಯೂ ಇವು ಸಲ್ಲಿಕೆಯಾಗುವುದರಿಂದ ಒಂದೇ ಕ್ಷೇತ್ರದ ಕಂಪನಿಗಳನ್ನು ಹೋಲಿಸುವುದು ಸುಲಭ.

ಓದುವಾಗ ಮೊದಲು ನೋಡಬೇಕಾದುದು ವರದಿಯ ಗಡಿ: ಅದು ಮೂಲ ಕಂಪನಿಗೆ ಮಾತ್ರ ಸಂಬಂಧಿಸಿದ್ದೇ ಅಥವಾ ಅಂಗಸಂಸ್ಥೆಗಳನ್ನೂ ಒಳಗೊಂಡಿದೆಯೇ ಎಂಬುದು. ಗಡಿ ಬದಲಾದ ವರ್ಷ ಅಂಕಿಗಳು ಕಾರಣವಿಲ್ಲದೆ ಏರಿದಂತೆ ಅಥವಾ ಇಳಿದಂತೆ ಕಾಣಬಹುದು. ಗುತ್ತಿಗೆ ಕಾರ್ಮಿಕರನ್ನು ಅಪಘಾತಗಳ ಲೆಕ್ಕದಲ್ಲಿ ಸೇರಿಸಲಾಗಿದೆಯೇ, ದೂರುಗಳ ಅಂಕಣದಲ್ಲಿ ಸತತವಾಗಿ ಸೊನ್ನೆ ಇದೆಯೇ ಎಂಬುದನ್ನೂ ಗಮನಿಸಬೇಕು. ಸಾವಿರಾರು ಉದ್ಯೋಗಿಗಳಿರುವ ಕಂಪನಿಯಲ್ಲಿ ಲೈಂಗಿಕ ಕಿರುಕುಳದ ಒಂದು ದೂರೂ ಇಲ್ಲವೆಂದರೆ ಅದು ಸುರಕ್ಷತೆಯ ಲಕ್ಷಣವಿರಬಹುದು, ದೂರು ನೀಡಲು ಭಯವಿರುವುದರ ಲಕ್ಷಣವೂ ಇರಬಹುದು.

‘ಇಂಗಾಲ ತಟಸ್ಥ’ ಎಂಬ ಘೋಷಣೆಯನ್ನು ಬಿಡಿಸಿ ನೋಡಬೇಕು. ಇನ್ಫೋಸಿಸ್ 2019-20ರಲ್ಲಿ ಇಂಗಾಲ ತಟಸ್ಥತೆಯನ್ನು ಸಾಧಿಸಿರುವುದಾಗಿ ಪ್ರಕಟಿಸಿತು. ಇಂತಹ ಲೆಕ್ಕದಲ್ಲಿ ಮೂರು ಬೇರೆ ಬೇರೆ ಸಂಗತಿಗಳಿರುತ್ತವೆ: ವಿದ್ಯುತ್ ಬಳಕೆಯನ್ನೇ ತಗ್ಗಿಸಿದ್ದು, ಸೌರಶಕ್ತಿಯಂತಹ ಮೂಲಗಳಿಗೆ ಬದಲಾದದ್ದು, ಹಾಗೂ ಉಳಿದುದಕ್ಕೆ ಪ್ರತಿಯಾಗಿ ಬೇರೆಡೆ ಮಾಡಿದ ಪರಿಹಾರ. ಗ್ರಾಮೀಣ ಮನೆಗಳಿಗೆ ಒದಗಿಸುವ ಜೈವಿಕ ಅನಿಲ ಘಟಕ ಮತ್ತು ಸುಧಾರಿತ ಒಲೆಗಳು ಮೂರನೆಯ ಬಗೆಯವು. ಮೊದಲ ಎರಡನ್ನು ಮೀಟರಿನಲ್ಲಿ ಅಳೆಯಬಹುದು. ಮೂರನೆಯದರ ಲೆಕ್ಕ, ಕೊಟ್ಟ ಒಲೆಯನ್ನು ಆ ಮನೆಯವರು ಎಷ್ಟು ವರ್ಷ ನಿಜವಾಗಿ ಬಳಸಿದರು ಎಂಬುದನ್ನು ಅವಲಂಬಿಸಿದ್ದು, ಅದಕ್ಕೆ ಸ್ಥಳ ಪರಿಶೀಲನೆ ಬೇಕಾಗುತ್ತದೆ.

ಮಿತಿಗಳು ಮತ್ತು ಟೀಕೆ

ಈ ನಿಯಮಗಳು ನೋಂದಾಯಿತ ಕಂಪನಿಗಳಿಗೆ ಮಾತ್ರ ಅನ್ವಯಿಸುವುದರಿಂದ ಷೇರುಪೇಟೆಗೆ ಬಾರದ ದೊಡ್ಡ ಖಾಸಗಿ ಉದ್ಯಮಗಳೂ ಬಹುರಾಷ್ಟ್ರೀಯ ಕಂಪನಿಗಳ ಅನೇಕ ಭಾರತೀಯ ಘಟಕಗಳೂ ಹೊರಗುಳಿದಿವೆ. ಹೊಣೆಗಾರಿಕೆಯ ವಿಷಯದಲ್ಲಿ, ಕಂಪನಿ ಕಾಯ್ದೆಯ 166ನೆಯ ಕಲಮು ನಿರ್ದೇಶಕರು ಷೇರುದಾರರ ಹಿತದ ಜೊತೆಗೆ ಉದ್ಯೋಗಿಗಳ, ಸಮುದಾಯದ ಮತ್ತು ಪರಿಸರದ ಹಿತಕ್ಕಾಗಿಯೂ ಸದ್ಭಾವನೆಯಿಂದ ವರ್ತಿಸಬೇಕೆಂದು ವಿಧಿಸುತ್ತದೆ. ಸುಳ್ಳು ಅಥವಾ ಅಪೂರ್ಣ ಮಾಹಿತಿ ನೀಡುವುದಕ್ಕೆ ಸೆಬಿ ಕಾಯ್ದೆಯಲ್ಲಿ ದಂಡಕ್ಕೆ ಅವಕಾಶವಿದೆ. ಆದರೆ ಈ ಎರಡೂ ಮಾರ್ಗಗಳಲ್ಲಿ ಮುಂದುವರಿಯಲು ಸಾಮರ್ಥ್ಯವಿರುವವರು ಮುಖ್ಯವಾಗಿ ನಿಯಂತ್ರಕರು ಮತ್ತು ಷೇರುದಾರರು. ವರದಿಯಲ್ಲಿನ ನೀರಿನ ಅಂಕಿ ತಪ್ಪೆಂದು ತಿಳಿದಿರುವ ಕಾರ್ಖಾನೆಯ ಪಕ್ಕದ ಹಳ್ಳಿಯವರಿಗೆ ಅದನ್ನು ಪ್ರಶ್ನಿಸುವ ನೇರ ವಿಧಾನವನ್ನು ವರದಿಯ ನಮೂನೆ ಒದಗಿಸುವುದಿಲ್ಲ. ಅವರು ಮಾಲಿನ್ಯ ನಿಯಂತ್ರಣ ಮಂಡಳಿ ಅಥವಾ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆ ಹೋಗಬೇಕಾಗುತ್ತದೆ.

ಭಾಷೆಯೂ ಒಂದು ತಡೆಯಾಗಿದೆ. ವರದಿಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಪ್ರಕಟವಾಗುತ್ತವೆ. ಪೀಣ್ಯದ ಕಾರ್ಖಾನೆಯಲ್ಲಾಗಲಿ ಬಳ್ಳಾರಿ ಸೀಮೆಯ ಉಕ್ಕು ಸ್ಥಾವರದಲ್ಲಾಗಲಿ ದುಡಿಯುವ ಕಾರ್ಮಿಕರು ತಮ್ಮ ವೇತನ, ಸುರಕ್ಷತೆ ಮತ್ತು ದೂರುಗಳ ಬಗ್ಗೆ ಕಂಪನಿಯು ಏನು ಹೇಳಿದೆ ಎಂಬುದನ್ನು ಕನ್ನಡದಲ್ಲಿ ಓದಿ, ತಮ್ಮ ಅನುಭವದೊಂದಿಗೆ ಹೋಲಿಸಿ ನೋಡುವ ಅವಕಾಶ ವಿರಳ. ಬಾಧ್ಯಸ್ಥರೆಲ್ಲರಿಗೂ ಸ್ಪಂದಿಸಬೇಕೆಂಬ ನಾಲ್ಕನೆಯ ತತ್ತ್ವವಿದ್ದರೂ ವರದಿಯನ್ನು ಸ್ಥಳೀಯ ಭಾಷೆಯಲ್ಲಿ ನೀಡಬೇಕೆಂಬ ಕಡ್ಡಾಯವನ್ನು 2021 ಅಥವಾ 2023ರ ಸುತ್ತೋಲೆಗಳು ವಿಧಿಸಿಲ್ಲ.